ಕುಮಾರಪಟ್ಟಣದ ಗಡಿ ಎಲ್ಲಿದೆ?

ಹಾವೇರಿಯಿಂದ ದಾವಣಗೆರೆಯ ಕಡೆಗೆ ಹೆದ್ದಾರಿ ಹಿಡಿದರೆ ಮೋಟೆಬೆನ್ನೂರಿನಲ್ಲಿ ಬ್ಯಾಡಗಿಯ ದಾರಿ ಕವಲೊಡೆಯುತ್ತದೆ. ಮುಂದೆ ರಾಣೆಬೆನ್ನೂರು, ಅದನ್ನು ದಾಟಿದರೆ ಚಳಗೇರಿ. ಎರಡೂ ಬದಿಗೆ ಮೆಕ್ಕೆಜೋಳ, ಹತ್ತಿ, ಅಲ್ಲಲ್ಲಿ ನೀಲಗಿರಿ ತೋಪು. ತುಂಗಭದ್ರೆ ಹತ್ತಿರವಾದಂತೆ ಬಯಲಿನ ಅಂಚಿಗೆ, ಮರದಿಂದ ಬಟ್ಟೆಯ ಎಳೆ ತೆಗೆಯುವ ಕಾರ್ಖಾನೆಯ ಚಿಮಣಿಗಳು ಏಳುತ್ತವೆ. ಅದು ಕುಮಾರಪಟ್ಟಣ. ಹೊಳೆಯ ಈ ದಂಡೆ ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲ್ಲೂಕು, ಎದುರು ದಂಡೆ ದಾವಣಗೆರೆ ಜಿಲ್ಲೆಯ ಹರಿಹರ. ಪ್ರವಾಸಿಗರಾಗಿ ಬಂದವರು ಸಾಮಾನ್ಯವಾಗಿ ಸೇತುವೆ ದಾಟಿ ಹರಿಹರೇಶ್ವರನ ಗುಡಿಗೆ ಹೋಗುತ್ತಾರೆ. ಹೊಯ್ಸಳ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಆ ಗುಡಿಗೆ ಮಾರ್ಗದರ್ಶಿ ಪುಸ್ತಕಗಳಲ್ಲಿ ಪುಟಗಳಿವೆ, ಈಚೆ ದಂಡೆಯ ಊರಿಗೆ ಸಾಲೂ ಇಲ್ಲ. ಈ ಕಡೆಗಣನೆ ಆಕಸ್ಮಿಕವಲ್ಲ. ನಮ್ಮ ಊರುಪರಿಚಯಗಳೆಲ್ಲ ಸೀಮೆಯ ಕಲ್ಲುಗಳೊಳಗೆ ನಿಂತು ಬರೆದಂಥವು, ಕುಮಾರಪಟ್ಟಣ ಹಾಗೆ ನಿಂತು ನೋಡಿದವರಿಗೆ ಕಾಣದ ಊರು. ಅದರೊಳಕ್ಕೆ ಬರುವ ಮರ, ನೀರು, ದುಡಿಮೆ ಎಲ್ಲಿಂದ ಬರುತ್ತವೆ, ಅದರಿಂದ ಹೊರಡುವ ಎಳೆ, ಸಂಬಳ, ಬಳಸಿದ ನೀರು ಎಲ್ಲಿಗೆ ಹೋಗುತ್ತವೆ ಎಂದು ಬೆನ್ನುಹತ್ತಿದರೆ ಮಾತ್ರ ಅದರ ನಿಜವಾದ ವಿಸ್ತಾರ ತಿಳಿಯುತ್ತದೆ. ಆ ವಿಸ್ತಾರ ತಿಳಿದ ಮೇಲೆ, ಊರಿನ ವಿಷಯದಲ್ಲಿ ಯಾರ ಮಾತು ನಡೆಯಬೇಕು ಎಂಬ ಪ್ರಶ್ನೆಗೂ ಬೇರೆಯದೇ ಉತ್ತರ ಸಿಗುತ್ತದೆ.

ಊರುಪರಿಚಯ ಎಂಬುದಕ್ಕೆ ಜಗತ್ತಿನ ಎಲ್ಲೆಡೆ ಒಂದು ಅಚ್ಚು ತಯಾರಾಗಿದೆ. ಫಿಲಿಪೀನ್ಸಿನ ಒಂದು ಗ್ರಾಮೀಣ ಪುರಸಭೆಯ ಪರಿಚಯ ಓದಿ ನೋಡಿ: ನಡುವೆ ಪೇಟೆಯ ಭಾಗ, ಅದಕ್ಕೆ ಪೊಬ್ಲಾಸಿಯೊನ್ ಎಂದು ಹೆಸರು, ಸುತ್ತ ಬರಾಂಗೇ ಎಂಬ ಹಳ್ಳಿಗಳ ಪಟ್ಟಿ, ಊರನ್ನು ಕಾಯುವ ಸಂತನ ಹಬ್ಬದ ದಿನ, ಮುಖ್ಯ ಬೆಳೆ, ಪುರಸಭೆಯ ಆದಾಯದ ದರ್ಜೆ. ನಮ್ಮಲ್ಲೂ ಅಷ್ಟೇ: ಗ್ರಾಮದೇವತೆ, ಜಾತ್ರೆ, ಶಾಸನ, ಸಂತೆಯ ದಿನ, ಜನಸಂಖ್ಯೆ. ಆದರೆ ಅಲ್ಲಿಯ ಅಚ್ಚಿನಲ್ಲಿ ಒಂದು ಅನುಕೂಲವಿದೆ. ಪೇಟೆಯೂ ಅದರ ಸುತ್ತಲಿನ ಹಳ್ಳಿಗಳೂ ಒಂದೇ ಮೇಯರ್, ಒಂದೇ ಸಭೆಯ ಕೆಳಗೆ ಬರುತ್ತವೆ. ನಮ್ಮಲ್ಲಿ ಹಾಗಿಲ್ಲ. ಜನಗಣತಿ ಇಲಾಖೆ ಒಂದು ಊರನ್ನು ಸೆನ್ಸಸ್ ಪಟ್ಟಣ ಎಂದು ಕರೆಯಲು ಮೂರು ಅಳತೆ ಇಟ್ಟುಕೊಂಡಿದೆ: ಕನಿಷ್ಠ 5,000 ಜನ, ಚದರ ಕಿಲೋಮೀಟರಿಗೆ ಕನಿಷ್ಠ 400ರ ಸಾಂದ್ರತೆ, ದುಡಿಯುವ ಗಂಡಸರಲ್ಲಿ ಶೇಕಡಾ 75ಕ್ಕೆ ಕಡಿಮೆಯಿಲ್ಲದಷ್ಟು ಮಂದಿ ಬೇಸಾಯದಾಚೆಗಿನ ಕೆಲಸದಲ್ಲಿರುವುದು. ಅಲ್ಲಿ ಪುರಸಭೆ ಇದೆಯೇ ಇಲ್ಲವೇ ಎಂದು ಆ ಅಳತೆ ಕೇಳುವುದೇ ಇಲ್ಲ. ಕುಮಾರಪಟ್ಟಣದ ನೆಲ ಜನಗಣತಿಯ ಪುಸ್ತಕಕ್ಕೆ ಸೇರಿದ್ದು ಕೊಡಿಯಾಲ ಎಂಬ ಹೆಸರಿನ ಇಂಥದೊಂದು ಸೆನ್ಸಸ್ ಪಟ್ಟಣವಾಗಿ. ಕಸುಬಿನಲ್ಲಿ ಪಟ್ಟಣ, ಕಾಗದದಲ್ಲಿ ಹಳ್ಳಿಗಳ ಗುಂಪು. ಜನ ಇಂದಿಗೂ ಕೊಡಿಯಾಲ ಎನ್ನುತ್ತಾರೆ, ಹೊಸಪೇಟೆ ಎನ್ನುತ್ತಾರೆ, ಕುಮಾರಪಟ್ಟಣ ಎನ್ನುತ್ತಾರೆ. ಹೊರಗಿನವರಿಗೆ ಅದು ಬರೀ ‘ಫ್ಯಾಕ್ಟರಿ’.

ಈ ಸೀಮೆಯ ದೊಡ್ಡ ಊರುಗಳು ತಮ್ಮ ಹೊಲದಲ್ಲಿ ಬೆಳೆದದ್ದರಿಂದಲೇ ಬೆಳೆದವು ಎಂದುಕೊಳ್ಳುವುದು ತಪ್ಪು. ಹಾವೇರಿಗೆ ಏಲಕ್ಕಿಯ ಹೆಸರಿದೆ, ಏಲಕ್ಕಿ ಹಾರಕ್ಕೆ ಇಂದಿಗೂ ಅದೇ ಊರು. ಆದರೆ ಹಾವೇರಿಯ ಎರೆನೆಲದಲ್ಲಿ ಏಲಕ್ಕಿ ಬೆಳೆಯುವುದಿಲ್ಲ. ಮಲೆನಾಡಿನಿಂದ ಇಳಿದು ಬಂದ ಕಾಯನ್ನು ಇಲ್ಲಿಯ ಬಾವಿನೀರಿನಲ್ಲಿ ತೊಳೆದು ಬಿಳುಪು ಮಾಡಿ ಮಾರುವ ಕಸುಬಿನಿಂದ ಆ ಹೆಸರು ಬಂತು. ಬ್ಯಾಡಗಿಯ ಕಥೆಯೂ ಅದೇ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಆದರೆ ಅಲ್ಲಿಯ ಮಾರುಕಟ್ಟೆಯ ಕೆಂಪು ರಾಶಿಗಳು ಗದಗ, ಧಾರವಾಡ, ಕೊಪ್ಪಳ, ಬಳ್ಳಾರಿ ಸೀಮೆಗಳಿಂದಲೂ ಆಂಧ್ರದಿಂದಲೂ ಬಂದು ಬೀಳುತ್ತವೆ. ತೊಟ್ಟು ಬಿಡಿಸುವ ಹೆಂಗಸರ ದುಡಿಮೆ, ಶೈತ್ಯಾಗಾರಗಳು, ಖಾರ ಕಡಿಮೆ ಬಣ್ಣ ಹೆಚ್ಚು ಎಂಬ ಗುಣದಿಂದ ಓಲಿಯೋರೆಸಿನ್ ಎಂಬ ಬಣ್ಣದ ಸಾರ ತೆಗೆಯುವ ಕಾರ್ಖಾನೆಗಳು, ಇವೆಲ್ಲ ಸೇರಿ ಬ್ಯಾಡಗಿ. 2024ರ ಮಾರ್ಚಿನಲ್ಲಿ ದರ ಕುಸಿದು ರೈತರ ಸಿಟ್ಟು ಸ್ಫೋಟಿಸಿ ಮಾರುಕಟ್ಟೆಯ ಕಚೇರಿಗೂ ವಾಹನಗಳಿಗೂ ಹಾನಿಯಾದಾಗ, ಅದು ಒಂದು ತಾಲ್ಲೂಕಿನ ಜಗಳವಾಗಿರಲಿಲ್ಲ. ಹಲವು ಜಿಲ್ಲೆಗಳ ಹೊಲಗಳ ನಷ್ಟ ಒಂದು ಅಂಗಳದಲ್ಲಿ ಬಂದು ಕೂಡಿತ್ತು. ಹೊರಗಿನ ಸರಕನ್ನು ತರಿಸಿ, ಹಸನು ಮಾಡಿ, ಹೊರಗೆ ಕಳಿಸುವುದು ಹೀಗೆ ಹಾವೇರಿ ಸೀಮೆಯ ಹಳೆಯ ಜಾಣ್ಮೆ. ಕುಮಾರಪಟ್ಟಣ ಅದೇ ಜಾಣ್ಮೆಯ ಯಂತ್ರಯುಗದ ರೂಪ. ಒಂದೇ ವ್ಯತ್ಯಾಸ: ಬ್ಯಾಡಗಿಯ ಕಾಯಿ ಊರಿನ ಹೆಸರನ್ನು ಹೊತ್ತು ಹೋಗುತ್ತದೆ, ಕುಮಾರಪಟ್ಟಣದ ಎಳೆ ಅಂಗಿಯ ಚೀಟಿಯ ಮೇಲೆ ವಿಸ್ಕೋಸ್ ಎಂದಷ್ಟೇ ಉಳಿಯುತ್ತದೆ.

ಕಾರ್ಖಾನೆ ಈ ದಂಡೆಗೇಕೆ ಬಂತು ಎಂಬುದಕ್ಕೆ ಹೊಳೆಯೇ ಮೊದಲ ಉತ್ತರ. 1956ಕ್ಕೆ ಮುಂಚೆ ಇಲ್ಲಿ ತುಂಗಭದ್ರೆ ಎರಡು ರಾಜ್ಯಗಳ ಗಡಿಯಾಗಿತ್ತು, ಹರಿಹರ ಮೈಸೂರಿನದು, ರಾಣೆಬೆನ್ನೂರು ಮುಂಬಯಿ ಪ್ರಾಂತದ್ದು. ಏಕೀಕರಣದ ನಂತರ ಆ ಗೆರೆ ಜಿಲ್ಲೆಗಳ ಗಡಿಯಾಗಿ ಉಳಿಯಿತು. 1972ರಲ್ಲಿ ಹರಿಹರ ಪಾಲಿಫೈಬರ್ಸ್ ಈಚೆ ದಂಡೆಯಲ್ಲಿ ಮರದ ತಿರುಳು ತಯಾರಿಸತೊಡಗಿತು, 1977ರಲ್ಲಿ ಪಕ್ಕದಲ್ಲೇ ಎಳೆ ತೆಗೆಯುವ ಗ್ರಾಸಿಲೀನ್ ಘಟಕ ಬಂತು. ಎರಡೂ ಗ್ರಾಸಿಂ ಕಂಪನಿಯ ವಿಭಾಗಗಳು. ಹೆಸರು ಆಚೆ ದಂಡೆಯ ಹರಿಹರದ್ದು, ನೆಲ ಈಚೆ ದಂಡೆಯ ಆಗಿನ ಧಾರವಾಡ ಜಿಲ್ಲೆಯದ್ದು. 1997ರಲ್ಲಿ ಹಾವೇರಿ, ದಾವಣಗೆರೆಗಳು ಪ್ರತ್ಯೇಕ ಜಿಲ್ಲೆಗಳಾದ ಮೇಲೂ ಈ ವಿಂಗಡಣೆ ಹಾಗೆಯೇ ಇದೆ. ಇದೇ ಕಂಪನಿಯ ಹಳೆಯ ಘಟಕಗಳೂ ಹೊಳೆಯ ನಂಟಿನವೇ: ಮಧ್ಯಪ್ರದೇಶದ ನಾಗ್ದಾಕ್ಕೆ ಚಂಬಲ್, ಕೇರಳದ ಮಾವೂರಿಗೆ ಚಾಲಿಯಾರ್. ತಿರುಳು ಕಾರ್ಖಾನೆಗೆ ಸೌದೆಯ ಹಾಗೆಯೇ ನೀರೂ ಕಚ್ಚಾವಸ್ತು. ಆದ್ದರಿಂದ ಜಾಗ ಹುಡುಕುವವರ ಕಣ್ಣು ಮೊದಲು ಹೊಳೆಯ ಮೇಲೆ, ಆಮೇಲೆ ರೈಲು ಮತ್ತು ರಸ್ತೆಯ ಮೇಲೆ ಬೀಳುತ್ತದೆ. ಇಲ್ಲಿ ಮೂರೂ ಒಟ್ಟಿಗೆ ಸಿಕ್ಕವು.

ಒಳಗೆ ನಡೆಯುವ ಕೆಲಸವನ್ನು ತುಸು ವಿವರವಾಗಿ ತಿಳಿದರೆ ಹೊರಗಿನ ವಾದಗಳೂ ತಿಳಿಯುತ್ತವೆ. ಲಾರಿಗಳಲ್ಲಿ ಬಂದ ದಿಮ್ಮಿಗಳನ್ನು ಚಕ್ಕೆ ಮಾಡಿ, ದೊಡ್ಡ ಕೊಪ್ಪರಿಗೆಗಳಲ್ಲಿ ಕ್ಷಾರದ ಜೊತೆ ಒತ್ತಡದಲ್ಲಿ ಬೇಯಿಸುತ್ತಾರೆ. ಮರದ ಎಳೆಗಳನ್ನು ಒಂದಕ್ಕೊಂದು ಅಂಟಿಸಿದ ಲಿಗ್ನಿನ್ ಕರಗಿ ಕಪ್ಪು ದ್ರಾವಣವಾಗಿ ಬೇರೆಯಾಗುತ್ತದೆ. ಉಳಿದ ಸೆಲ್ಯುಲೋಸನ್ನು ತೊಳೆದು, ಬಿಳುಪು ಮಾಡಿ ಹಾಳೆಯಾಗಿಸುತ್ತಾರೆ. ಆ ಹಾಳೆಯನ್ನು ಎಳೆಯ ಘಟಕದಲ್ಲಿ ಕಾಸ್ಟಿಕ್ ಸೋಡಾದಲ್ಲಿ ನೆನೆಸಿ, ಕಾರ್ಬನ್ ಡೈಸಲ್ಫೈಡ್ ಸೇರಿಸಿ, ಜೇನಿನಂಥ ದ್ರವವಾಗಿಸಿ, ಸಣ್ಣ ರಂಧ್ರಗಳ ಮೂಲಕ ಗಂಧಕಾಮ್ಲದ ತೊಟ್ಟಿಗೆ ಹಾಯಿಸಿದಾಗ ಅದು ಮತ್ತೆ ಎಳೆಯಾಗಿ ಗಟ್ಟಿಗೊಳ್ಳುತ್ತದೆ. ಇಂಥ ಕಾರ್ಖಾನೆಗಳಿರುವ ಕಡೆಯೆಲ್ಲ ಜನ ಹೇಳುವ ಕೊಳೆತ ಮೊಟ್ಟೆಯ ವಾಸನೆ ಗಂಧಕದ ಅನಿಲಗಳದ್ದು. ಮರದ ತೂಕದಲ್ಲಿ ಸೆಲ್ಯುಲೋಸ್ ಇರುವುದು ಸುಮಾರು ಅರ್ಧದಷ್ಟು. ಮಿಕ್ಕಿದ್ದು ಎಳೆಯಾಗಿ ಹೊರಗೆ ಹೋಗುವುದಿಲ್ಲ. ಕಪ್ಪು ದ್ರಾವಣವನ್ನು ಕುಲುಮೆಯಲ್ಲಿ ಸುಟ್ಟು ಶಾಖವನ್ನೂ ರಾಸಾಯನಿಕವನ್ನೂ ಮರಳಿ ಪಡೆಯಬಹುದು. ಎಷ್ಟು ಚೆನ್ನಾಗಿ ಮರಳಿ ಪಡೆದರೆ ಹೊಳೆಗೆ ಅಷ್ಟು ಕಡಿಮೆ ಹೋಗುತ್ತದೆ. ಅಂದರೆ ಮಾಲಿನ್ಯದ ಪ್ರಶ್ನೆ ಕಂಪನಿಯೊಂದರ ಒಳ್ಳೆಯತನ, ಕೆಟ್ಟತನದ ಪ್ರಶ್ನೆಯಾಗುವುದಕ್ಕೆ ಮುಂಚೆ ಈ ಲೆಕ್ಕದ ಪ್ರಶ್ನೆ: ಒಳಬಂದ ಮರದಲ್ಲಿ ಎಳೆಯಾಗದ ಪಾಲು ಎಲ್ಲಿ ಹೋಯಿತು? ಹಾವೇರಿಯ ಏಲಕ್ಕಿ ತೊಳೆದ ನೀರಿಗೂ ಕುಮಾರಪಟ್ಟಣದ ತಿರುಳು ತೊಳೆದ ನೀರಿಗೂ ಇರುವ ಅಂತರ ಇಲ್ಲಿದೆ. ಬಿಳುಪು ಮಾಡುವ ಕಸುಬು ಒಂದೇ ಆದರೂ ಹಿಂದೆ ಅದು ಬಾವಿಯ ಕಟ್ಟೆಗೆ ಮುಗಿಯುತ್ತಿತ್ತು.

ಮರ ಎಲ್ಲಿಂದ ಬಂತು ಎಂದು ಹಿಂಬಾಲಿಸಿದರೆ ಊರಿನ ಗಡಿ ಮೊದಲ ಬಾರಿಗೆ ಹಿಗ್ಗುತ್ತದೆ. 1984ರಲ್ಲಿ ರಾಜ್ಯ ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಕಂಪನಿ ಕಟ್ಟಿದವು. ಸರ್ಕಾರದ ಪಾಲು ಶೇಕಡಾ 51, ಕಾರ್ಖಾನೆಯ ಪಾಲು 49. ಸುಮಾರು 30,000 ಹೆಕ್ಟೇರಿನಷ್ಟು ಸಾರ್ವಜನಿಕ ಭೂಮಿಯಲ್ಲಿ ನೀಲಗಿರಿಯಂಥ ಮರ ಬೆಳೆಸಿ ಕಾರ್ಖಾನೆಗೆ ಒದಗಿಸುವುದು ಅದರ ಕೆಲಸ. ಕಂದಾಯದ ಕಾಗದದಲ್ಲಿ ಆ ಭೂಮಿ ಸಿ ಮತ್ತು ಡಿ ವರ್ಗದ್ದು, ಎಂದರೆ ಬಡಕಲು ನೆಲ. ಹಳ್ಳಿಯವರ ಲೆಕ್ಕದಲ್ಲಿ ಅದು ದನ ಮೇಯುವ ಗೋಮಾಳ, ಸೌದೆ ಆಯುವ ಗುಡ್ಡ, ಹುಲ್ಲು ಕೊಯ್ಯುವ ಅಂಚು. ಇದನ್ನು ಪ್ರಶ್ನಿಸಿದವರು ಈ ತಾಲ್ಲೂಕನ್ನೇ ಬಲ್ಲವರು. ಎಸ್.ಆರ್. ಹಿರೇಮಠರು ಇದೇ ರಾಣೆಬೆನ್ನೂರು ತಾಲ್ಲೂಕಿನ ಮೆಡ್ಲೇರಿಯಲ್ಲಿ ಗ್ರಾಮಾಭಿವೃದ್ಧಿಯ ಕೆಲಸ ಮಾಡಿ, ಆಮೇಲೆ ಸಮಾಜ ಪರಿವರ್ತನ ಸಮುದಾಯವನ್ನು ಕಟ್ಟಿದವರು. ಶಿವರಾಮ ಕಾರಂತರೂ ಅರ್ಜಿದಾರರಾಗಿ ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು, 1987ರ ಮಾರ್ಚಿನಲ್ಲಿ ತಡೆಯಾಜ್ಞೆ ಬಂತು. ಅದೇ ವರ್ಷದ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ನೀಲಗಿರಿ ಸಸಿಗಳನ್ನು ಕಿತ್ತು ತಮಗೆ ಬೇಕಾದ ಮರಗಳ ಸಸಿ ನೆಟ್ಟರು. ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ಎಂದು ಅದು ದೇಶದ ಪರಿಸರ ಚಳವಳಿಗಳ ಇತಿಹಾಸಕ್ಕೆ ಸೇರಿತು. 1991ರಲ್ಲಿ ಆ ಜಂಟಿ ಕಂಪನಿ ಮುಚ್ಚಿತು. ಕುಸನೂರಿನಿಂದ ಕುಮಾರಪಟ್ಟಣದ ಚಿಮಣಿ ಕಾಣುವುದಿಲ್ಲ. ಆದರೂ ಕಾರ್ಖಾನೆಯ ಸೌದೆಯ ಹಸಿವು ಎಲ್ಲಿಯವರೆಗೆ ಚಾಚಿತ್ತು ಎಂದು ಜಗತ್ತಿಗೆ ತಿಳಿದದ್ದು ಕುಸನೂರಿನಿಂದ.

ನೀಲಗಿರಿಯ ನೆರಳು ಬಿದ್ದದ್ದು ಗೋಮಾಳದ ಮೇಲಷ್ಟೇ ಅಲ್ಲ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ ಘೋಷಣೆಯಾದದ್ದು 1974ರಲ್ಲಿ, ಕಾರ್ಖಾನೆ ಬಂದ ಎರಡೇ ವರ್ಷಕ್ಕೆ. ಅದರ ವಿಸ್ತಾರ ಸುಮಾರು 119 ಚದರ ಕಿಲೋಮೀಟರ್. ಕೃಷ್ಣಮೃಗ ಹುಲ್ಲುಬಯಲಿನ ಪ್ರಾಣಿ. ದೂರಕ್ಕೆ ಕಣ್ಣು ಹಾಯಬೇಕು, ಓಡಲು ಬಯಲಿರಬೇಕು. ಎರ್ಲಡ್ಡು ಎಂಬ ದೊಡ್ಡ ಹಕ್ಕಿಯೂ ಒಂದು ಕಾಲಕ್ಕೆ ಇಲ್ಲಿಯ ಬಯಲಿನಲ್ಲಿತ್ತು. ಅಂಥ ನೆಲದಲ್ಲಿ ಅರಣ್ಯ ಇಲಾಖೆ ನೀಲಗಿರಿ ತೋಪು ಎಬ್ಬಿಸಿತು. ಇದರ ಹೊಣೆಯನ್ನು ಕಾರ್ಖಾನೆಯ ಬಾಗಿಲಿಗೆ ಮಾತ್ರ ಇಡುವುದು ನ್ಯಾಯವಲ್ಲ. ಬಯಲು ಎಂದರೆ ಬರಡು, ಮರವಿದ್ದರೇ ಕಾಡು ಎಂಬ ನಂಬಿಕೆ ಆಗಿನ ಸರ್ಕಾರಿ ಅರಣ್ಯನೀತಿಯ ಉದ್ದಕ್ಕೂ ಇತ್ತು. ಆದರೆ ಆ ನಂಬಿಕೆ ಮತ್ತು ತಿರುಳಿಗೆ ಬೇಕಾದ ಸೌದೆ ಒಂದೇ ಕಾಲದಲ್ಲಿ, ಒಂದೇ ತಾಲ್ಲೂಕಿನಲ್ಲಿ ಕೈಕೂಡಿಸಿದವು. ಕೃಷ್ಣಮೃಗ ಹೊಂದಿಕೊಂಡು ಉಳಿಯಿತು, ಹೊಲಗಳಿಗೆ ನುಗ್ಗಿ ಮೇಯುತ್ತಲೂ ಇದೆ. ಎರ್ಲಡ್ಡು ಉಳಿಯಲಿಲ್ಲ. ಕುಮಾರಪಟ್ಟಣದ ಪರಿಚಯದಲ್ಲಿ ಈ ಹಕ್ಕಿಗೂ ಒಂದು ಸಾಲು ಸಲ್ಲಬೇಕು.

ಹೊರಹೋಗುವ ದಾರಿಯಲ್ಲಿ ಮೊದಲು ಸಿಗುವವು ಹೊಳೆಸಾಲಿನ ಊರುಗಳು. ತುಂಗಭದ್ರೆ ಇಲ್ಲಿಂದ ಉತ್ತರಕ್ಕೆ ಹರಿಯುತ್ತದೆ. ನಲವಾಗಲು, ಹೊಳೆಮಠದ ಐರಣಿ, ಹಿರೇಬಿದರಿ, ಮುಂದೆ ಮುಕ್ತೇಶ್ವರನ ಚೌಡದಾನಪುರ, ವರದಾ ಬಂದು ಕೂಡುವ ಗಳಗನಾಥ. ಗುಡಿಗಳ ಸಾಲನ್ನು ನೋಡಿದರೇ ಗೊತ್ತಾಗುತ್ತದೆ, ಈ ಹೊಳೆ ಸಾವಿರ ವರ್ಷದಿಂದ ಪುಣ್ಯಸ್ನಾನದ ಹೊಳೆ. ಅದೇ ಹೊಳೆ ಕುಡಿಯುವ ನೀರು, ದನಕ್ಕೆ ನೀರು, ಮಡಿವಾಳರ ಕಟ್ಟೆ, ಬೆಸ್ತರ ಬಲೆ, ಬೇಸಿಗೆಯ ಪಂಪ್‌ಸೆಟ್ಟು. 1980ರ ದಶಕದಲ್ಲಿ ಈ ಊರುಗಳವರು ಮೀನು ಸಾಯುತ್ತಿದೆ, ಮೈ ತುರಿಸುತ್ತದೆ, ದನ ನೀರು ಮುಟ್ಟುವುದಿಲ್ಲ ಎಂದು ದೂರಿದರು. ದೂರು ಚಳವಳಿಯಾಯಿತು, ಚಳವಳಿ ಮಾಲಿನ್ಯ ನಿಯಂತ್ರಣ ಮಂಡಳಿಯ ಬಾಗಿಲನ್ನೂ ನ್ಯಾಯಾಲಯದ ಬಾಗಿಲನ್ನೂ ಬಡಿಯಿತು. ಮಳೆಗಾಲದಲ್ಲಿ ಹೊಳೆ ಎಲ್ಲವನ್ನೂ ತೊಳೆದು ಒಯ್ಯುತ್ತದೆ. ಕಷ್ಟವೆಲ್ಲ ಬೇಸಿಗೆಯಲ್ಲಿ, ಹರಿವು ಸಣ್ಣಗಾಗಿ ಮಡುಗಳಷ್ಟೇ ಉಳಿದಾಗ. ಆಗ ಹೊಳೆಗೆ ಬಿಟ್ಟ ನೀರಿನ ಗುಣ ಹೊಳೆಯದೇ ಗುಣವಾಗಿಬಿಡುತ್ತದೆ. ಈ ಊರುಗಳು ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿ ಇರಲಿ ಬಿಡಲಿ, ಅದರ ಭೂಗೋಳದಲ್ಲಿ ಇದ್ದೇ ಇವೆ.

ಇಷ್ಟು ಹೇಳಿದ ಮೇಲೆ ಕುಮಾರಪಟ್ಟಣದ ಒಳಗಿನ ಬದುಕನ್ನು ಮರೆಯುವಂತಿಲ್ಲ. ಊರಿನ ದಿನ ಮೂರು ಪಾಳಿಗಳಲ್ಲಿ ಹಂಚಿಹೋಗಿದೆ. ಸುತ್ತಲಿನ ಹಳ್ಳಿಗಳಲ್ಲಿ ಹೊತ್ತು ಮೂಡುವುದರಿಂದ ಮುಳುಗುವವರೆಗೆ ದಿನ, ಇಲ್ಲಿ ರಾತ್ರಿ ಪಾಳಿ ಮುಗಿಸಿ ಬಂದವನಿಗೆ ಬೆಳಿಗ್ಗೆಯೇ ರಾತ್ರಿ. ಬೇರೆ ಬೇರೆ ಸೀಮೆಗಳಿಂದ ಬಂದ ನೌಕರರ ವಸತಿಯಲ್ಲಿ ಧಾರವಾಡದ ಕನ್ನಡ, ದಾವಣಗೆರೆಯ ಕನ್ನಡ, ಹಿಂದಿ ಒಂದರ ಬೆನ್ನಿಗೆ ಒಂದು ಕೇಳುತ್ತವೆ. ಮನೆಯಲ್ಲಿ ಒಬ್ಬ ಕಾರ್ಖಾನೆಗೆ, ಇನ್ನೊಬ್ಬ ಹೊಲಕ್ಕೆ ಹೋಗುವ ಕುಟುಂಬಗಳು ಇಂಥ ಊರಿನ ನಿಜವಾದ ಬೆನ್ನೆಲುಬು. ಬರದ ವರ್ಷ ಸಂಬಳ ಹೊಲವನ್ನು ಕಾಯುತ್ತದೆ, ಕೆಲಸ ಹೋದ ವರ್ಷ ಹೊಲ ಮನೆಯನ್ನು ಕಾಯುತ್ತದೆ. ಖರೀದಿಗೆ, ಸಿನಿಮಾಕ್ಕೆ, ಕಾಲೇಜಿಗೆ ಸೇತುವೆ ದಾಟಿ ಹರಿಹರ, ಕಂದಾಯದ ಕಾಗದಕ್ಕೆ ಹಿಂದಕ್ಕೆ ರಾಣೆಬೆನ್ನೂರು, ಜಿಲ್ಲಾ ಕಚೇರಿಗೆ ಇನ್ನೂ ಹಿಂದಕ್ಕೆ ಹಾವೇರಿ. ದಸರೆಯಲ್ಲಿ ದೇವರಗುಡ್ಡದ ಮಾಲತೇಶನ ಸನ್ನಿಧಿಯಲ್ಲಿ ಗೊರವಯ್ಯ ಬಿಲ್ಲನ್ನೇರಿ ಕಾರ್ಣಿಕ ನುಡಿಯುವಾಗ, ಮಳೆ ಬೆಳೆಯ ಭವಿಷ್ಯ ಕೇಳುವ ಕಿವಿಗಳಲ್ಲಿ ಸಂಬಳದ ಮನೆಗಳವರ ಕಿವಿಯೂ ಇರುತ್ತದೆ. ಕಾರ್ಖಾನೆ ಹಳ್ಳಿಯ ಬದುಕನ್ನು ಅಳಿಸಿಹಾಕಿತು ಎಂಬ ಸುಲಭ ಮಾತು ಇಲ್ಲಿ ನಿಲ್ಲುವುದಿಲ್ಲ. ಎರಡು ಬದುಕುಗಳೂ ಒಂದೇ ಮನೆಯಲ್ಲಿ ಊಟ ಮಾಡುತ್ತವೆ.

ಇಲ್ಲಿಯೇ ಮೊದಲ ಆಕ್ಷೇಪ ಏಳುತ್ತದೆ, ಅದು ಹಗುರವಾದದ್ದಲ್ಲ. ಕಾರ್ಖಾನೆ ಬರದಿದ್ದರೆ ಈ ಊರು ಹೊಳೆದಂಡೆಯ ಇನ್ನೊಂದು ಬಡ ಹಳ್ಳಿಯಾಗಿರುತ್ತಿತ್ತು, ಹೊರಗಿನವರು ಬಂದು ವಾಸನೆಯ ಮಾತಾಡಿ ಹೋಗುತ್ತಾರೆ, ಕೆಲಸ ಹೋದರೆ ಕೊಡುವವರು ಯಾರು ಎಂದು ಊರಿನವರು ಕೇಳುತ್ತಾರೆ. ಈ ಭಯಕ್ಕೆ ಕಾರಣ ಎದುರು ದಂಡೆಯಲ್ಲೇ ಇದೆ. 1941ರಲ್ಲಿ ಶುರುವಾಗಿ ಹರಿಹರಕ್ಕೆ ಲೇತ್ ಯಂತ್ರಗಳ ಹೆಸರು ತಂದ ಮೈಸೂರು ಕಿರ್ಲೋಸ್ಕರ್ ಈ ಶತಮಾನದ ಆರಂಭದಲ್ಲಿ ಮುಚ್ಚಿದಾಗ ಆ ಊರು ಏನಾಯಿತು ಎಂದು ಈ ದಂಡೆಯವರು ನೋಡಿದ್ದಾರೆ. ಇದೇ ಕಂಪನಿಯ ಮಾವೂರಿನ ಘಟಕವೂ ಒಂದು ಪಾಠ. 1963ರಲ್ಲಿ ಕೇರಳದ ಕಾಡಿನ ಬಿದಿರನ್ನು ನಂಬಿ ತಿರುಳು ತೆಗೆಯತೊಡಗಿದ ಆ ಕಾರ್ಖಾನೆ 1985ರಿಂದ ಕೆಲ ವರ್ಷ ಮುಚ್ಚಿ, ಮತ್ತೆ ತೆರೆದು, ಚಾಲಿಯಾರ್ ಮಾಲಿನ್ಯದ ಹೋರಾಟ ಮತ್ತು ಕಚ್ಚಾವಸ್ತುವಿನ ಕೊರತೆಯ ನಡುವೆ 2001ರಲ್ಲಿ ಶಾಶ್ವತವಾಗಿ ಬಾಗಿಲು ಹಾಕಿತು. ಫಿಲಿಪೀನ್ಸಿನ ಮಿಂಡನಾವೊ ದ್ವೀಪದ ಬಿಸ್ಲಿಗ್ ಎಂಬ ಪುರಸಭೆಯ ಕಥೆ ಇನ್ನೂ ಹತ್ತಿರದ್ದು. ಅಲ್ಲಿ ಪಿಕಾಪ್ ಎಂಬ ಕಾಗದದ ಕಾರ್ಖಾನೆ, ಸುತ್ತಲಿನ ಸಣ್ಣ ರೈತರಿಗೆ ವಿಶ್ವ ಬ್ಯಾಂಕಿನ ನೆರವಿನ ಸಾಲ ಕೊಡಿಸಿ ಫಾಲ್ಕಾಟ ಎಂಬ ಬೇಗ ಬೆಳೆಯುವ ಮರ ಬೆಳೆಸಿತು. 2000ದಲ್ಲಿ ಬಿಸ್ಲಿಗ್ ನಗರದ ದರ್ಜೆಗೇರಿತು. ಅದೇ ದಶಕದಲ್ಲಿ ಕಾರ್ಖಾನೆ ನಿಂತುಹೋಯಿತು. ಈ ಮೂರೂ ಉದಾಹರಣೆ ಆಕ್ಷೇಪದ ಪರವಾಗಿ ಕಾಣುತ್ತವೆ, ಆದರೆ ಅವು ಹೇಳುವುದು ಬೇರೆ. ಈ ಊರುಗಳಲ್ಲಿ ಕಾರ್ಖಾನೆಯ ಅಳಿವು ಉಳಿವು ತೀರ್ಮಾನವಾದದ್ದು ಊರಿನ ಹೊರಗೆ, ಮಾರುಕಟ್ಟೆಯಲ್ಲಿ, ಕಾಡಿನಲ್ಲಿ, ಕಂಪನಿಯ ಲೆಕ್ಕದಲ್ಲಿ. ಮಾವೂರಿನಲ್ಲಿ ಕಾಡು ಬರಿದಾದದ್ದೂ ಹೊಳೆ ಕೆಟ್ಟದ್ದೂ ಕಾರ್ಮಿಕರ ಕೆಲಸಕ್ಕೇ ಕುತ್ತಾಯಿತು. ಹೊಳೆಯನ್ನೂ ಸೌದೆಯ ಮೂಲವನ್ನೂ ಕಾಯುವುದು ಕುಮಾರಪಟ್ಟಣದ ಕೆಲಸಗಳನ್ನು ಕಾಯುವ ದಾರಿಯೂ ಹೌದು.

ಎರಡನೆಯ ಆಕ್ಷೇಪ ರೈತರ ಕಡೆಯಿಂದ ಬರುತ್ತದೆ. ಗೋಮಾಳದ ಕಾಲ ಮುಗಿಯಿತು, ಈಗ ನೀಲಗಿರಿ ಬೆಳೆಯುವವನು ರೈತ, ಅವನ ಹೊಲ, ಅವನ ಇಷ್ಟ. ಈ ಮಾತಿನಲ್ಲಿ ಸತ್ಯವಿದೆ. ಆಳು ಸಿಗದ, ಮಳೆ ನಂಬಲಾಗದ, ಮಕ್ಕಳು ಬೆಂಗಳೂರು ಸೇರಿದ ಮನೆಗೆ ನೀಲಗಿರಿ ಸುಲಭದ ಬೆಳೆ: ಒಮ್ಮೆ ನೆಟ್ಟರೆ ಕೆಲ ವರ್ಷಕ್ಕೊಮ್ಮೆ ಕಡಿತ, ಕೂಳೆಯಿಂದ ಮತ್ತೆ ಚಿಗುರು. ಅಂತರ್ಜಲದ ಕಾರಣಕ್ಕೆ 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದಾಗ ಅದನ್ನು ವಿರೋಧಿಸಿದವರಲ್ಲಿ ಬೆಳೆಗಾರರೂ ಇದ್ದರು. ಆದರೆ ಸ್ವಂತ ಹೊಲದ ಇಷ್ಟ ಎನ್ನುವುದು ಎಲ್ಲಿಯವರೆಗೆ? ಬೇರು ಕುಡಿಯುವ ನೀರಿಗೆ ಸರ್ವೆ ನಂಬರ್ ಗೊತ್ತಿಲ್ಲ. ಪಕ್ಕದ ಹೊಲದ ಬಾವಿಗೂ ಒಂದು ಇಷ್ಟವಿರುತ್ತದೆ. ತುಂಗಾ ಮೇಲ್ದಂಡೆ ಕಾಲುವೆಯ ನೀರು ಈ ಜಿಲ್ಲೆಗೆ ಬಂದ ಮೇಲೆ ನೀರು ಸಿಕ್ಕ ರೈತನಿಗೆ ಆಯ್ಕೆಗಳು ಹೆಚ್ಚು, ಸಿಗದವನಿಗೆ ಕಡಿಮೆ. ನಿಷೇಧವೊಂದರಿಂದ ಈ ಗಂಟು ಬಿಚ್ಚುವುದಿಲ್ಲ, ರೈತನ ಇಷ್ಟ ಎಂದು ಕೈತೊಳೆದುಕೊಂಡರೂ ಬಿಚ್ಚುವುದಿಲ್ಲ. ಯಾವ ಸೀಮೆಯಲ್ಲಿ ಎಷ್ಟು ನೀಲಗಿರಿ ಎಂದು ಆಯಾ ಗ್ರಾಮಸಭೆಗಳು ನೀರಿನ ಲೆಕ್ಕ ಇಟ್ಟುಕೊಂಡು ತೀರ್ಮಾನಿಸುವ ವ್ಯವಸ್ಥೆಯೇ ಇದಕ್ಕೆ ಹತ್ತಿರದ ಪರಿಹಾರ.

ಮೂರನೆಯ ಆಕ್ಷೇಪ ಎಲ್ಲರ ಬಾಯಲ್ಲಿ ಇರುವಂಥದ್ದು: ಹೊಳೆಯನ್ನು ಕೆಡಿಸಿದ್ದು ಒಂದೇ ಕಾರ್ಖಾನೆಯೇ? ಖಂಡಿತ ಅಲ್ಲ. ಕೂಡ್ಲಿಯಲ್ಲಿ ತುಂಗೆ, ಭದ್ರೆ ಕೂಡುವ ಮೊದಲೇ ಶಿವಮೊಗ್ಗದ ಚರಂಡಿ ತುಂಗೆಗೆ, ಭದ್ರಾವತಿಯ ಚರಂಡಿ ಭದ್ರೆಗೆ ಸೇರುತ್ತದೆ. ಭದ್ರಾವತಿಯ ಕಾಗದದ ಕಾರ್ಖಾನೆ ದಶಕಗಳ ಕಾಲ ನಡೆದದ್ದು ಅದೇ ಹೊಳೆಯ ನೀರಿನಲ್ಲಿ. ಹೊನ್ನಾಳಿ, ಹರಿಹರಗಳ ಕೊಳೆಯೂ, ಹೊಲಗಳ ಗೊಬ್ಬರ, ಕೀಟನಾಶಕಗಳೂ ಇದಕ್ಕೆ ಸೇರುತ್ತವೆ. ಭದ್ರಾವತಿಗೆ ಕುಮಾರಪಟ್ಟಣ ಕೆಳಗಿನ ಊರು, ಕುಮಾರಪಟ್ಟಣಕ್ಕೆ ಐರಣಿ ಕೆಳಗಿನ ಊರು. ಹೊಳೆಯ ಮೇಲೆ ಪ್ರತಿ ಊರೂ ಒಂದು ದೃಷ್ಟಿಯಿಂದ ತಪ್ಪಿತಸ್ಥ, ಇನ್ನೊಂದು ದೃಷ್ಟಿಯಿಂದ ನೊಂದವ. ಆದರೆ ಎಲ್ಲರೂ ತಪ್ಪಿತಸ್ಥರು ಎಂಬುದು ಯಾರೂ ಲೆಕ್ಕ ಕೊಡಬೇಕಿಲ್ಲ ಎಂಬುದಕ್ಕೆ ನೆಪವಾಗಬಾರದು. ನೂರು ಮೋರಿಗಳ ಕೊಳೆಯನ್ನು ಅಳೆಯುವುದು ಕಷ್ಟ, ಒಂದು ಕೊಳವೆಯದನ್ನು ಅಳೆಯುವುದು ಸುಲಭ. ತಿರುಳು ಮತ್ತು ಕಾಗದದ ಉದ್ಯಮವನ್ನು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಹೆಚ್ಚು ಮಾಲಿನ್ಯದ 17 ಬಗೆಯ ಉದ್ಯಮಗಳಲ್ಲಿ ಸೇರಿಸಿದೆ. ಹೊರಬಿಡುವ ನೀರಿನ ಗುಣವನ್ನು ಸತತವಾಗಿ ಅಳೆದು ಮಂಡಳಿಗೆ ನೇರ ರವಾನಿಸುವ ಯಂತ್ರಗಳನ್ನು ಇಂಥ ಉದ್ಯಮಗಳು ಅಳವಡಿಸಬೇಕೆಂದು 2014ರಲ್ಲಿ ಸೂಚಿಸಿದೆ. ಅಂದರೆ ಅಂಕಿಗಳು ಹುಟ್ಟುತ್ತಿವೆ, ಅವು ಹೊಳೆಯಷ್ಟೇ ಸಲೀಸಾಗಿ ಕೆಳಗಿನ ಊರುಗಳಿಗೆ ಹರಿದು ಬರುತ್ತಿಲ್ಲ.

ಪ್ರವಾಸ ಕಥನದಲ್ಲಿ ಇದೆಲ್ಲ ಯಾಕೆ, ಗುಡಿ, ಊಟ, ಜಾತ್ರೆ ಸಾಲದೇ ಎಂದು ಕೇಳುವವರಿಗೂ ಒಂದು ಮಾತು. ಚೌಡದಾನಪುರದ ಗುಡಿಯ ಕೆತ್ತನೆ ನೋಡಿ ಮೆಚ್ಚಿ, ಅದರ ಮೆಟ್ಟಿಲು ಇಳಿಯುವ ಹೊಳೆಯ ಬಗ್ಗೆ ಸುಮ್ಮನಿರುವುದು ಅರ್ಧ ನೋಟ. ಗುಡಿಯನ್ನು ಅಲ್ಲಿ ಕಟ್ಟಿಸಿದವರು ಹೊಳೆಯನ್ನು ನೋಡಿಯೇ ಕಟ್ಟಿಸಿದರು. ಕಾರ್ಖಾನೆಯನ್ನು ಇಲ್ಲಿ ಕಟ್ಟಿಸಿದವರೂ ಹೊಳೆಯನ್ನು ನೋಡಿಯೇ ಕಟ್ಟಿಸಿದರು. ಒಂದನ್ನು ಸಂಸ್ಕೃತಿ ಎಂದು ಪುಸ್ತಕಕ್ಕೆ ಸೇರಿಸಿ, ಇನ್ನೊಂದನ್ನು ಕೈಗಾರಿಕೆ ಎಂದು ಬಿಟ್ಟುಬಿಟ್ಟರೆ ನೋಡುವವನಿಗೆ ಸಿಗುವುದು ಅರವತ್ತು ವರ್ಷದ ಹಿಂದಿನ ಹಾವೇರಿ ಸೀಮೆ, ಇಂದಿನದಲ್ಲ. ಮೆಡ್ಲೇರಿಯ ಕುರಿಯ ಉಣ್ಣೆ ಎಷ್ಟು ಈ ನೆಲದ ಎಳೆಯೋ ಕುಮಾರಪಟ್ಟಣದ ವಿಸ್ಕೋಸೂ ಈಗ ಅಷ್ಟೇ ಈ ನೆಲದ ಎಳೆ. ಅದನ್ನು ತೆಗೆಯುವವರ ಕೈಯೂ ಇಲ್ಲಿಯದೇ.

ಹಾಗಾದರೆ ಕುಮಾರಪಟ್ಟಣದ ಗಡಿ ಎಲ್ಲಿದೆ? ಪಶ್ಚಿಮಕ್ಕೆ ಕುಸನೂರಿನ ಗುಡ್ಡದಲ್ಲಿ, ಉತ್ತರಕ್ಕೆ ಗಳಗನಾಥದ ಸಂಗಮದಲ್ಲಿ, ದಕ್ಷಿಣಕ್ಕೆ ಕೂಡ್ಲಿಯಲ್ಲಿ, ನಡುವೆ ಕೃಷ್ಣಮೃಗದ ಬಯಲಿನಲ್ಲಿ. ಈ ಗಡಿಗೆ ತಕ್ಕ ಪಂಚಾಯಿತಿ ಯಾವ ಕಾನೂನಿನಲ್ಲೂ ಇಲ್ಲ. ಫಿಲಿಪೀನ್ಸಿನ 1991ರ ಸ್ಥಳೀಯ ಸರ್ಕಾರಗಳ ಸಂಹಿತೆ, ಪರಿಸರಕ್ಕೆ ಪೆಟ್ಟು ಕೊಡಬಲ್ಲ ರಾಷ್ಟ್ರೀಯ ಸರ್ಕಾರದ ಯೋಜನೆಗಳಿಗೆ ಮುಂಚೆ ಸ್ಥಳೀಯರೊಡನೆ ಸಮಾಲೋಚನೆ ಮತ್ತು ಸ್ಥಳೀಯ ಸಭೆಯ ಒಪ್ಪಿಗೆ ಬೇಕೆಂದು ಬರೆದಿದೆ. ಅದು ಅಲ್ಲಿ ಎಲ್ಲ ಕಡೆ ಪಾಲನೆಯಾಗಿದೆ ಎಂದು ಯಾರೂ ಹೇಳಲಾರರು, ಆದರೂ ಬರೆದಿಟ್ಟದ್ದನ್ನು ಹಿಡಿದು ಕೇಳಲು ಬರುತ್ತದೆ. ನಮ್ಮಲ್ಲಿ 2006ರ ಪರಿಸರ ಅಧಿಸೂಚನೆಯ ಪ್ರಕಾರ ದೊಡ್ಡ ಯೋಜನೆಗಳಿಗೆ ಸಾರ್ವಜನಿಕ ಅಹವಾಲು ಸಭೆ ಇದೆ. ಅದು ನಡೆಯುವುದು ಯೋಜನೆಯ ಜಾಗದಲ್ಲಿ, ಅದೂ ಹೊಸ ಯೋಜನೆ ಅಥವಾ ವಿಸ್ತರಣೆಯ ಹೊತ್ತಿಗೆ. ಐವತ್ತು ವರ್ಷದಿಂದ ನಡೆಯುತ್ತಿರುವ ಕಾರ್ಖಾನೆಯ ದಿನದಿನದ ನೀರಿನ ಬಗ್ಗೆ ಕೆಳಗಿನ ಊರು ಕೇಳಬೇಕಾದರೆ ಅರ್ಜಿ ಹಿಡಿದು ಅಲೆಯಬೇಕು.

ದೊಡ್ಡ ಕಾನೂನು ತಿದ್ದುಪಡಿಗೆ ಕಾಯದೆ ಮಾಡಬಹುದಾದ ಸಣ್ಣ ಕೆಲಸವೊಂದಿದೆ. ಹಾವೇರಿ, ದಾವಣಗೆರೆ ಮತ್ತು ವಿಜಯನಗರ ಜಿಲ್ಲಾ ಪಂಚಾಯಿತಿಗಳು ಸೇರಿ, ಹರಿಹರದಿಂದ ಗಳಗನಾಥದವರೆಗೆ ಎರಡೂ ದಂಡೆಯ ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಹೊಳೆನೀರಿನ ತಿಂಗಳ ಪರೀಕ್ಷೆಯ ಫಲಿತಾಂಶವನ್ನು ಕನ್ನಡದಲ್ಲಿ ಬರೆಸಲಿ: ಕಾರ್ಖಾನೆಯ ಕೊಳವೆಯದ್ದು, ಹರಿಹರದ ಚರಂಡಿಯದ್ದು, ಮೇಲಿನಿಂದ ಬಂದ ಹೊಳೆಯದ್ದು, ಮೂರನ್ನೂ ಪಕ್ಕಪಕ್ಕದಲ್ಲಿ. ಬೇಸಿಗೆಯ ಗ್ರಾಮಸಭೆಯಲ್ಲಿ ಅದನ್ನು ಓದಿ ಹೇಳಲಿ, ಕಾರ್ಖಾನೆಯ ಮತ್ತು ಮಂಡಳಿಯ ಒಬ್ಬೊಬ್ಬ ಅಧಿಕಾರಿ ಎದುರು ಕೂತು ಉತ್ತರ ಕೊಡಲಿ. ಕಾರ್ಖಾನೆ ತನ್ನ ಪಾಲಿನ ನೀರನ್ನು ನಿಜವಾಗಿ ಹಸನುಗೊಳಿಸುತ್ತಿದ್ದರೆ ಅದಕ್ಕಿಂತ ಒಳ್ಳೆಯ ಸಮರ್ಥನೆ ಅದಕ್ಕೆ ಬೇರೆಲ್ಲೂ ಸಿಗದು, ಇಲ್ಲದಿದ್ದರೆ ಹೊಳೆಸಾಲಿನವರಿಗೆ ಕೇಳುವ ಹಕ್ಕು ಕೈಗೆ ಬರುತ್ತದೆ. ಇದಕ್ಕೆ ಬೇಕಾದದ್ದು ಒಂದಿಷ್ಟು ಬಣ್ಣ, ಒಂದು ಗೋಡೆ, ಮೂರು ಜಿಲ್ಲೆಗಳ ಒಪ್ಪಿಗೆ.